ಸೇತುವೆಯ ಕೆಳಗೆ ಎರಡು ನಿಮಿಷ

ದಿಲ್ಲಿಯ ಮೆಟ್ರೋ ಇನ್ನೂ ಇಂದಿರಾಪುರಂ ಕಡೆಗೆ ತಲುಪದಿದ್ದ ಒಂದಾನೊಂದು ಕಾಲದಲ್ಲಿ, ಯಮುನೆಯ ಮೇಲೆ ಒಂದು ಪುಟ್ಟ ದೋಣಿಯೂ ಅದರ ಬಾಲಕ್ಕೆ ಹಗ್ಗದಿಂದ ಕಟ್ಟಿದ ಮೂರು ಹಳೆಯ, ಹುಟ್ಟಿಲ್ಲದ ಕಯಾಕು ಎಂಬ ಕಿರುದೋಣಿಗಳೂ ಇದ್ದವು. ಅವುಗಳಲ್ಲಿ ಜನರನ್ನು ಕಾಸಿಗೆ ಸುತ್ತಾಡಿಸುವ ರಾಣಿ ನಾನು.

ಕನ್ನಡ ಸಂಘದ ಊಟದಲ್ಲಿ, ಸಂಘದ ಪಿಕ್ನಿಕ್ ಏರ್ಪಡಿಸುವ ಅನೂಪ್, "ಹರಿಣಿ ಮೋರಿಯಲ್ಲಿ ಟಬ್ ತೇಲಿಸ್ತಾಳೆ" ಎಂದು ಎಲ್ಲರನ್ನೂ ನಗಿಸಿದ. ಆ ತಿಂಗಳು ಒಬ್ಬರೂ ಬರಲಿಲ್ಲ. ಅದೇ ಜನರೆದುರು ಅವನಿಂದ ತಪ್ಪೊಪ್ಪಿಸುತ್ತೇನೆಂದು ಅಜ್ಜಿಗೆ ಫೋನಿನಲ್ಲಿ ಮಾತು ಕೊಟ್ಟೆ. ಅಜ್ಜಿಯ ಕಥೆಗಳಲ್ಲಿ ರಾಕ್ಷಸರು ತಾವಾಗಿಯೇ ಬಾಗಿಲಿಗೆ ಬರುತ್ತಿದ್ದರು.

ಅನೂಪನೂ ಬಂದ. ಸಂಘದ ಪಿಕ್ನಿಕ್ಕಿಗೆ ನನ್ನಷ್ಟು ಅಗ್ಗ ಬೇರಾರೂ ಸಿಕ್ಕಿರಲಿಲ್ಲ. ದಸರೆಯ ಮರುದಿನ ಬೆಳಗ್ಗೆಯೇ ಬನ್ನಿ ಎಂದೆ. ಆ ದಿನ ದಿಲ್ಲಿಯವರು ಕಾರು ನಿಲ್ಲಿಸಿ, ಪೂಜೆಯ ಬಾಡಿದ ಹೂವನ್ನೂ ಹೋಮದ ಬೂದಿಯನ್ನೂ ಸೇತುವೆಯಿಂದ ನದಿಗೆ ಸುರಿಯುತ್ತಾರೆ.

ಅವನ ಕಯಾಕು ಸರಿಯಾಗಿ ಸೇತುವೆಯ ಅಂಚಿನಡಿಗೆ ಬಂದಾಗ ನಾನು ಹುಟ್ಟು ಹಾಕುವುದನ್ನು ನಿಲ್ಲಿಸಿದೆ.

"ಫೋಟೋಗೆ ಎರಡು ನಿಮಿಷ, ಅನೂಪ್."

ಮೊದಲು ಚೆಂಡುಹೂವು ಬಿತ್ತು, ಆಮೇಲೆ ಬೂದಿ.

"ಅರೇ, ಚಲೋ ಚಲೋ! ಎಳಿಯೇ ಹರಿಣಿ!"

"ಟಬ್ಬಲ್ವಾ, ನಿಧಾನ."

ಇನ್ನೊಂದು ಬುಟ್ಟಿ ಹೂವು ಅವನ ತಲೆಯ ಮೇಲೇ ಸುರಿಯಿತು.

"ತಪ್ಪಾಯ್ತು ಮಾರಾಯ್ತಿ! ಹಾಗೆ ಅಂದದ್ದು ತಪ್ಪಾಯ್ತು!" ಹಿಂದಿನ ಎರಡೂ ಕಯಾಕಿನಲ್ಲಿದ್ದ ಸಂಘದವರಿಗೆ ಕೇಳುವಂತೆ ಅನೂಪ್ ಕೂಗಿದ.

ನಾನು ಹುಟ್ಟು ಹಾಕಿದೆ.