ಅತಿಥಿಗಳ ಊಟ

ಅಕ್ಕಿ ಬೆಲೆ ಗಗನಕ್ಕೇರಿ, ಪೇಟೆಬೀದಿಯಲ್ಲಿ ಅಂಗಡಿಗಳ ಗಾಜು ಕಲ್ಲೇಟಿಗೆ ಪುಡಿಯಾದ ಮೇಲೆ ಉಚಿತ ಊಟದ ಸಂಘದವರು ಸಭೆ ಸೇರಿ ಎರಡು ತೀರ್ಮಾನ ಮಾಡಿದರು. ಪಾತ್ರೆಗೆ ಹಾಕುವ ಅಕ್ಕಿ ಇನ್ನು ಅರ್ಧ. ಸಾಲಿನಲ್ಲಿ ನಿಲ್ಲುವವರನ್ನು ಇನ್ನು ‘ಬಡವರು’ ಎನ್ನಕೂಡದು, ‘ಅತಿಥಿಗಳು’ ಎನ್ನಬೇಕು. ಮರ್ಯಾದೆ ಕೊಟ್ಟರೆ ಕಲ್ಲು ಬೀಳುವುದಿಲ್ಲವೆಂದು ಅಧ್ಯಕ್ಷರ ಲೆಕ್ಕಾಚಾರ. ಎರಡನೆಯದಕ್ಕೆ ಕಾಸು ಖರ್ಚಿಲ್ಲದ್ದರಿಂದ ಜೋರು ಚಪ್ಪಾಳೆ ಬಿತ್ತು. ಕಾಫಿ ಹಿಡಿದು ನಿಂತಿದ್ದ ಅಡುಗೆಯವಳು ಅದನ್ನು ಕಿವಿಯಾರೆ ಕೇಳಿದಳು.

ಮರುದಿನ ಅವಳ ಸೌಟು ಪಾತ್ರೆಯ ತಳಕ್ಕೆ ಬಡಿದು ಠಣ್ಣೆಂದಾಗ ಸಾಲು ಇನ್ನೂ ಗೇಟಿನಾಚೆಗೂ ಚಾಚಿತ್ತು. ಗೊಣಗಾಟ ಗಲಾಟೆಯಾಗುವ ಮೊದಲೇ ಅಧ್ಯಕ್ಷರು ಕುರ್ಚಿ ಹತ್ತಿ ಕೈಮುಗಿದರು. “ಅತಿಥಿಗಳೇ, ದಯವಿಟ್ಟು ಸಹಕರಿಸಿ.”

ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡಿದ್ದ ಅಜ್ಜಿ ಹಿಂದೆ ತಿರುಗಿ ನೋಡಿದಳು. “ಯಾರನ್ನಪ್ಪಾ ಕರೀತಿರೋದು?”

“ನಿಮ್ಮನ್ನೇ ಅಜ್ಜಿ. ನೀವು ಅತಿಥಿ, ನಾವು ಮನೆಯೋರು.”

“ಹೌದಾ? ಮನೆಯೋರದ್ದು ಊಟ ಆಯ್ತಾ?”

“ಅತಿಥಿಗಳದ್ದಾಗದೆ ನಾವು ಉಣ್ತೀವಾ ಅಜ್ಜಿ!” ಅಧ್ಯಕ್ಷರು ಎದೆ ಮುಟ್ಟಿಕೊಂಡರು.

ಒಳಕೋಣೆಯಲ್ಲಿ ಸಂಘದವರಿಗೆಂದೇ ಬೇರೆ ಬೇಯಿಸಿದ ಅನ್ನ, ಹುರಿದ ಕೋಳಿ ಹಬೆಯಾಡುತ್ತಿದ್ದವು. ಬೆಳಗ್ಗೆಯಿಂದ ಹಲ್ಲು ಕಚ್ಚಿಕೊಂಡಿದ್ದ ಅಡುಗೆಯವಳಿಗೆ ಅಪ್ಪಣೆ ಸಿಕ್ಕಂತಾಯಿತು. ಆ ಎರಡು ಪಾತ್ರೆಗಳನ್ನೂ ಹೊತ್ತು ತಂದು ಅಜ್ಜಿಯ ಮುಂದೆ ಕುಕ್ಕಿದಳು.

“ಏನೇ ಇದು?” ಅಧ್ಯಕ್ಷರು ನಗುವನ್ನು ಕದಲಿಸದೆ, ಹಲ್ಲುಸಂದಿಯಲ್ಲೇ ಕೇಳಿದರು.

“ಅತಿಥಿಗಳದ್ದಾಗ್ಲಿ ಸಾರ್,” ಎಂದಳು ಅವಳು, ಮಗುವಿನ ತಟ್ಟೆಗೆ ಕೋಳಿಕಾಲು ಹಾಕುತ್ತಾ. “ಉಳಿದ್ರೆ ಮನೆಯೋರಿಗೆ.”

ಸಾಲು ಮುಂದೆ ಸರಿಯಿತು. ಕುರ್ಚಿಯಿಂದ ಇಳಿಯಲು ಅಧ್ಯಕ್ಷರಿಗೆ ಯಾರೂ ಕೈಕೊಡಲಿಲ್ಲ.