ಅಂಜಿ ಆಡಿದ ಮಾತು

ಇಂಡಿ ಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಕ್ತ ತಪಾಸಣೆಯ ಸಣ್ಣದೊಂದು ಲ್ಯಾಬಿತ್ತು. ಇಪ್ಪತ್ಮೂರು ವರ್ಷದ ರೇಣುಕಾ ಅಲ್ಲಿ ಕೆಲಸಕ್ಕಿದ್ದಳು. ಹತ್ತಿರದ ಹೊರ್ತಿ ಊರಲ್ಲಿ ತನ್ನ ಅಪ್ಪನ ನಿಂಬೆ ತೋಟ ನೋಡಿಕೊಳ್ಳುತ್ತಿದ್ದ ಮಾಳಿಂಗನನ್ನು ಅವಳು ಕಾಲೇಜಿನ ದಿನಗಳಿಂದ ಪ್ರೀತಿಸುತ್ತಿದ್ದಳು. ಎರಡೂ ಮನೆಯವರಿಗೆ ವಿಷಯ ಗೊತ್ತಿತ್ತು. ಯಾರೂ ಬೇಡವೆಂದಿರಲಿಲ್ಲ.

ಮೊದಮೊದಲು ಮಾಳಿಂಗ ಗೆಳೆಯರ ಮದುವೆಗಳಲ್ಲಷ್ಟೇ ಕುಡಿಯುತ್ತಿದ್ದ. ಒಮ್ಮೆ ಜಗಳವಾಗಿ ರೇಣುಕಾ ಎರಡು ದಿನ ಮಾತು ಬಿಟ್ಟಾಗ ಹೈವೇ ಬದಿಯ ಢಾಬಾಕ್ಕೆ ಹೋಗಿ ಕೂತ. ಆಮೇಲೆ ಪ್ರತಿ ಜಗಳಕ್ಕೂ ಢಾಬಾ. ಕುಡಿದು ಫೋನು ಮಾಡುತ್ತಿದ್ದ, ಆ ಫೋನಿನಲ್ಲೇ ಹೊಸ ಜಗಳ ಹುಟ್ಟುತ್ತಿತ್ತು, ಅದಕ್ಕೆ ಮತ್ತೆ ಕುಡಿಯುತ್ತಿದ್ದ. ಮರುದಿನ ಲ್ಯಾಬಿನ ಬಾಗಿಲಿಗೆ ಬಂದು ತಪ್ಪಾಯಿತೆಂದು ಅಳುತ್ತಿದ್ದ.

ಹುಷಾರಿದ್ದಾಗ ಅವಳನ್ನು 'ರೇಣೂ' ಎನ್ನುತ್ತಿದ್ದವನು ಕುಡಿದಾಗ 'ರೇಣುಕಾ' ಎನ್ನುತ್ತಿದ್ದ. ಆ ಪೂರ್ತಿ ಹೆಸರು ಕಿವಿಗೆ ಬಿದ್ದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಜಗಳ ತರಬಹುದಾದ ಯಾವ ಮಾತನ್ನೂ ಅವಳು ಆಡದಾದಳು. ತಂಗಿಯ ಸಂಗಡ ಸಿಂದಗಿಗೆ ಹೋಗಿ ಬಂದದ್ದನ್ನೂ ಮುಚ್ಚಿಡುತ್ತಿದ್ದಳು.

ಆದರೆ ಸೊಲ್ಲಾಪುರದ ಕೆಲಸವನ್ನು ಮುಚ್ಚಿಡುವಂತಿರಲಿಲ್ಲ. ಅಲ್ಲಿನ ದೊಡ್ಡ ಲ್ಯಾಬೊಂದು ಅವಳನ್ನು ಆರಿಸಿತ್ತು. ಸೋಮವಾರ ಸೇರಬೇಕು. ಬುಧವಾರ ಬೆಳಿಗ್ಗೆ ಫೋನಿನಲ್ಲಿ ಹೇಳಿಬಿಟ್ಟಳು.

"ನನ್ನ ಕೇಳದ ಅರ್ಜಿ ಹಾಕಿದಿ?" ಎಂದ ಮಾಳಿಂಗ.

"ಕೇಳಿದ್ರ ಬ್ಯಾಡ ಅಂತಿದ್ದಿ."

"ಅಂದ್ರ ನಾನ ಬ್ಯಾಡಾದೆ ಅನ್ನು." ಫೋನು ಕಟ್ಟಾಯಿತು.

ಮಧ್ಯಾಹ್ನ ಜೊತೆಗೆ ಕೆಲಸ ಮಾಡುವ ಸಗೀರಾಳೊಂದಿಗೆ ಊಟದ ಡಬ್ಬಿ ಬಿಚ್ಚಿದ್ದಳಷ್ಟೆ, ಮತ್ತೆ ಫೋನು.

"ರೇಣುಕಾ, ತ್ವಾಟದ ಬಾವಿ ದಂಡಿಗೆ ಕುಂತೇನಿ. ಸೊಲ್ಲಾಪುರಕ್ಕ ಹೋಗಂಗಿಲ್ಲ ಅಂತ ನನ್ನ ಮುಂದ ಬಂದು ಹೇಳು. ಇಲ್ಲಂದ್ರ ನಾಳಿ ಊರೆಲ್ಲಾ ನಿನ್ನ ಕೇಳತೈತಿ."

ರೇಣುಕಾಳ ಮುಖ ನೋಡಿಯೇ ಸಗೀರಾಗೆ ತಿಳಿಯಿತು. "ಒಬ್ಬಾಕಿನ ಹೋಗಬ್ಯಾಡ. ಮೊದ್ಲ ಅವರ ಮನಿಗೆ ಫೋನ್ ಹಚ್ಚು," ಎಂದು ಸ್ಕೂಟಿಯ ಕೀಲಿ ತೆಗೆದುಕೊಂಡಳು.

ಮಾಳಿಂಗನ ತಾಯಿ ಹುಚ್ಚವ್ವನಿಗೆ ವಿಷಯ ತಿಳಿಸಿ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ರೇಣುಕಾ ಅವನಿಗೆ ಫೋನು ಹಚ್ಚುತ್ತಲೇ ಇದ್ದಳು. ಗಂಟೆ ಹೊಡೆಯುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ತಡವಾಗಿದ್ದರೆ? ಅದನ್ನು ಯೋಚಿಸಲಾಗದೆ ಸಗೀರಾಳ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ತೋಟದಲ್ಲಿ ಹುಚ್ಚವ್ವ ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಪಕ್ಕದ ಹೊಲದ ಮೋದಿನಸಾಬ ಹಗ್ಗ ಹಿಡಿದು ಗಿಡಗಳ ಮರೆಯಲ್ಲಿದ್ದ. ಹತ್ತಿರ ಹೋದರೆ ಹಾರುತ್ತೇನೆಂದು ಮಾಳಿಂಗ ಹೆದರಿಸಿದ್ದ. ಬಾವಿಗೆ ಕಟ್ಟೆಯಿರಲಿಲ್ಲ. ಅವನು ಕಾಲು ಇಳಿಬಿಟ್ಟು ತೂಗಾಡುತ್ತ ಕೂತಿದ್ದ. ಪಕ್ಕದಲ್ಲಿ ಬಾಟಲಿ.

"ಹೇಳು," ಎಂದ.

ಹೋಗುತ್ತೇನೆಂದರೆ ಈ ಕ್ಷಣವೇ ಏನಾದೀತೋ ಎಂಬ ಅಂಜಿಕೆ. ಹೋಗುವುದಿಲ್ಲವೆಂದರೆ ಜೀವನವಿಡೀ ಇಂಥ ದಂಡೆಗಳ ಮುಂದೆ ನಿಲ್ಲಬೇಕಾದೀತೆಂಬ ಅಂಜಿಕೆ.

"ಹೋಗಂಗಿಲ್ಲ," ಎಂದಳು. "ಈ ಕಡಿ ಬಾ."

"ಖರೇನು?" ಮಾಳಿಂಗನ ಮುಖ ಅರಳಿತು. ಅವಳ ಕಡೆ ಬರಲೆಂದು ಖುಷಿಯಿಂದ ಎದ್ದ. ಎದ್ದ ಕಾಲು ನೆಲೆ ನಿಲ್ಲಲಿಲ್ಲ. ಸಡಿಲ ಮಣ್ಣಿನ ಮೇಲೆ ಜಾರಿ, ಕೂಗಲೂ ಆಗದೆ ಒಳಗೆ ಬಿದ್ದ.

ಹುಚ್ಚವ್ವ ಚೀರಿದಳು. ಮೋದಿನಸಾಬ ಓಡಿ ಬಂದು ಬಾವಿಯೊಳಗಿನ ಮೆಟ್ಟಿಲಿಳಿದ. ಮಾಳಿಂಗ ಪಂಪಿನ ಪೈಪು ತಬ್ಬಿಕೊಂಡಿದ್ದ, ತಲೆಯಿಂದ ರಕ್ತ ಇಳಿಯುತ್ತಿತ್ತು. ಮೋದಿನಸಾಬ ಅವನ ಸೊಂಟಕ್ಕೆ ಹಗ್ಗ ಬಿಗಿದ. ಮೇಲಿನಿಂದ ಮೂವರೂ ಹೆಂಗಸರು ಅಂಗೈ ಸುಲಿಯುವಂತೆ ಜಗ್ಗಿದರು.

ಆಸ್ಪತ್ರೆಯಲ್ಲಿ ತಲೆಗೆ ಏಳು ಹೊಲಿಗೆ ಬಿದ್ದವು. ಹೆಗಲಿನ ಎಲುಬು ಮುರಿದಿತ್ತು. ಸಂಜೆ ವರಾಂಡದಲ್ಲಿ ಹುಚ್ಚವ್ವ, "ನಿನ್ನ ಜಗಳದಿಂದನ ನನ್ನ ಮಗ ಕುಡಿಯೂದು ಕಲ್ತ," ಎಂದಳು.

"ಜಗಳ ಇಬ್ಬರೂ ಆಡೇವ್ರಿ ಅತ್ತಿ, ಕುಡದಾಂವ ಒಬ್ಬನ," ಎಂದಳು ರೇಣುಕಾ. "ಡಾಕ್ಟರಿಗೆ ಬಿದ್ದದ್ದಷ್ಟ ಹೇಳಬ್ಯಾಡ್ರಿ. ಕುಡಿಯೂದು, ಬಾವಿಗೆ ಹಾರತೇನಿ ಅಂದದ್ದು, ಎಲ್ಲಾ ಹೇಳ್ರಿ."

ಒಳಗೆ ಮಂಚದ ಮೇಲಿದ್ದ ಮಾಳಿಂಗನಿಗೆ ನಶೆ ಇಳಿದಿತ್ತು. "ರೇಣೂ, ಹೋಗಂಗಿಲ್ಲ ಅಂದ್ಯಲ್ಲ?"

"ಅಂಜಿ ಅಂದೆ. ನಾ ಹೋಗ್ತೇನಿ."

"ನಿನ್ನ ಸಲುವಾಗಿ ಕುಡಿಯೂದು ಬಿಟ್ರ?"

"ನನ್ನ ಸಲುವಾಗಿ ಬಿಟ್ರ, ನನ್ನ ಮ್ಯಾಲಿನ ಸಿಟ್ಟಿಗೆ ಮತ್ತ ಹಿಡೀತಿ, ಮಾಳು. ನಿನ್ನ ಸಲುವಾಗಿ ಬಿಡು."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಹೊರಗೆ ಬಂದಳು.

ಸೋಮವಾರ ಸೊಲ್ಲಾಪುರಕ್ಕೆ ಹೋದಳು. ಮಾಳಿಂಗ ಅಪ್ಪನ ಜೊತೆ ಮನೋವೈದ್ಯರಲ್ಲಿಗೆ ಹೋಗಿಬರುತ್ತಿದ್ದಾನೆಂದು ಸಗೀರಾ ತಿಳಿಸಿದಳು. ರೇಣುಕಾ ಒಳ್ಳೆಯದಾಯಿತು ಎಂದಳೇ ಹೊರತು ಫೋನು ಮಾಡಲಿಲ್ಲ.

ಬಸವನ ಬಾಗೇವಾಡಿ ಕಡೆಯ ಜಯಮಾಲಾ ಅವಳ ಜೊತೆ ರೂಮಿನಲ್ಲಿದ್ದಳು. ಒಂದು ರವಿವಾರ ಬಟ್ಟೆ ಒಣಹಾಕುವ ಹಗ್ಗದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ರೇಣುಕಾ ದನಿಯೇರಿಸಿಬಿಟ್ಟಳು. ಇನ್ನೇನಾಗುತ್ತದೋ ಎಂದು ಗೋಡೆಗೆ ಒರಗಿ ನಿಂತಳು.

ಜಯಮಾಲಾ ಗೊಣಗುತ್ತ ತನ್ನ ಬಟ್ಟೆಗಳನ್ನು ಒಂದು ಬದಿಗೆ ಸರಿಸಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದಳು.