ನೀರಮಾನ್ವಿಯಲ್ಲಿ ನಿಂತ ಹಿಂಡು

ನನ್ನ ಗಂಡ ಸಿದ್ರಾಮ ಮಾಡಿದ ಆಟವನ್ನು ಅವನ ಕಂಪನಿ ರದ್ದು ಮಾಡಿ ಒಂದು ವರ್ಷ, ಅವನು ತೀರಿಹೋಗಿ ಎಂಟು ತಿಂಗಳಾಗಿತ್ತು. ಕಂಪನಿಯಲ್ಲಿ ಅವನ ಕೈಕೆಳಗೆ ಕೆಲಸ ಕಲಿತ ವಲಿ ಪಾಷಾ ರಾಯಚೂರಿನ ನಮ್ಮ ಮನೆಗೆ ಬಂದು, ಆಟದ ಪರೀಕ್ಷೆಗೆಂದು ಕೊಟ್ಟಿದ್ದ ಯಂತ್ರ ವಾಪಸು ಬೇಕು ಎಂದ. ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಅಂಗೈಯಗಲದ ಪರದೆ, ಎರಡು ಗುಂಡಿ.

"ಇವತ್ತು ಸಂಜಿಗಿ ಹೈದರಾಬಾದಿನ್ಯಾಗ ಸರ್ವರ್ ಬಂದ್ ಮಾಡ್ತಾರ ಮೇಡಂ. ಆಮ್ಯಾಲ ಇದು ಬರೇ ಡಬ್ಬಿ."

ಅತ್ತೆ ಯಮನಮ್ಮ ಅಡುಗೆಮನೆಯಿಂದ ಬಂದರು. "ಅದರಾಗಿನ ಕುರಿ?"

ಸಿದ್ರಾಮ ಮಾಡಿದ್ದು ಕುರಿ ಕಾಯುವ ಆಟ. ಕೂತಲ್ಲಿ ಆಡಲು ಬರುವುದಿಲ್ಲ. ಯಂತ್ರ ಹಿಡಿದು ನಿಜವಾದ ದಾರಿಯಲ್ಲಿ ನಡೆದರೆ ಪರದೆಯ ಕುರಿಗಳೂ ಜೊತೆಗೆ ನಡೆಯುತ್ತವೆ. ದೇವದುರ್ಗದಿಂದ ಹೊರಟು ಊರೂರಲ್ಲಿ ತಂಗುತ್ತಾ ಮಾನ್ವಿ ಮುಟ್ಟಬೇಕು. ಪರದೆಯ ಸೂರ್ಯ ಮುಳುಗುವ ಮೊದಲು ತಂಗದಿದ್ದರೆ ಹಿಂಡು ಚದುರಿ ಆಟ ಸೋಲುತ್ತದೆ. ಪರೀಕ್ಷೆ ಮಾಡಿದವರೆಲ್ಲ ನೀರಮಾನ್ವಿ ದಾಟಿದ ಮೇಲೆ ಸೋತರು. ಬಾಣ ತೋರಿಸಿದ ಕಡೆ ನೆಟ್ಟಗೆ ಹೋದರೆ ನೆಲ್ಲಿನ ಗದ್ದೆ, ಅದಕ್ಕೆ ಇಳಿದರೆ ಹಿಂಡು ಚದುರುತ್ತಿತ್ತು. ಸುತ್ತಿ ಹೋದರೆ ಮಾನ್ವಿ ಮುಟ್ಟುವ ಮೊದಲೇ ಸೂರ್ಯ ಮುಳುಗುತ್ತಾನೆಂದು ಕಂಪನಿಯವರು ಲೆಕ್ಕ ಹಾಕಿ ಹೇಳಿದರು. ಗದ್ದೆಯಲ್ಲಿ ದಾರಿ ಬಿಡು ಎಂದರು. ಅವನು ಬಿಡಲಿಲ್ಲ. ಗೆಲ್ಲುವ ದಾರಿ ಇದೆ, ನಡೆದು ನೋಡದವರಿಗೆ ಹೇಳುವುದಿಲ್ಲ ಎಂದ. ಗೆಲ್ಲಲಾಗದ ಆಟ ಎಂದು ಅದನ್ನು ಕೈಬಿಟ್ಟರು.

ನಡೆದೇ ತೋರಿಸುತ್ತೇನೆಂದು ಸಿದ್ರಾಮ ಭಾನುವಾರಗಳಲ್ಲಿ ದೇವದುರ್ಗದಿಂದ ಹಿಂಡು ಹೊಡೆದುಕೊಂಡು ಬಂದ. ನೀರಮಾನ್ವಿಯಲ್ಲಿ ನಿಲ್ಲಿಸಿ ಬಂದ ವಾರ ಜ್ವರ ಹಿಡಿಯಿತು. ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

"ಯವ್ವಾ, ಅವು ಚಿತ್ರದ ಕುರಿ," ಎಂದ ವಲಿ ಪಾಷಾ.

"ಚಿತ್ರದವೇ ಆಗ್ಲಿ, ನನ್ನ ಮಗ ಅರ್ಧಾ ದಾರಿಗಿ ಬಿಟ್ಟ ಅಂತ ಆಗಬಾರ್ದು. ಹಿಂಡು ಮುಟ್ಟಿಸಿ ಕೊಡ್ತೀನಿ, ಒಯ್ಯಿ."

ಹಿರೇಕೊಟ್ನೆಕಲ್ಲಿನಲ್ಲಿ ಮದುವೆಯಾದಂದಿನಿಂದ ಕುರಿ ಹಿಂದೆ ನಡೆದವರು ಅವರು. ವಲಿ ಪಾಷಾ ನನ್ನ ಮುಖ ನೋಡಿದ. ನಾನು ಚಪ್ಪಲಿ ಹಾಕಿಕೊಂಡೆ.

ಅವನ ಕಾರಿನಲ್ಲಿ ನೀರಮಾನ್ವಿಗೆ ಹೋದೆವು. ಊರ ಹೊರಗೆ ಯಂತ್ರ ಹಚ್ಚಿದಾಗ ಕುರಿಗಳು ಎದ್ದು ನಿಂತವು. ಯಂತ್ರ ನನ್ನ ಕೈಯಲ್ಲಿತ್ತು, ಅತ್ತೆ ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು.

"ಎಷ್ಟು ಮೈ ತುಂಬ್ಯಾವ ನೋಡು. ಚಲೋ ಮೇಸ್ಯಾನ." ಆಮೇಲೆ ಹಿಂದೆ ತಿರುಗಿ, "ಲೇ ಪಾಷಾ, ದೂರ ನಡಿ. ನಿನ್ನ ಬೂಟು ಮಿಂಚಾಕತ್ತಾವ, ಕುರಿ ಬೆದರ್ತಾವ."

"ಧೂಳು ಹಚ್ಚಿಕೊಂಡು ಬರ್ತೀನಿ, ತಡಿ ಯವ್ವಾ."

ಒಂದು ತಾಸು ನಡೆದ ಮೇಲೆ ಗದ್ದೆ ಬಂತು. ತೆನೆ ಬಾಗಿದ ನೆಲ್ಲು. ಬಾಣ ಅದರ ನಡುವೆಯೇ ತೋರಿಸುತ್ತಿತ್ತು. ಅತ್ತೆ ಬಾಣದ ಕಡೆ ನೋಡಲೇ ಇಲ್ಲ, ಕಾಲುವೆಯ ಒಡ್ಡು ಹತ್ತಿದರು.

"ಯವ್ವಾ, ಆ ಕಡಿ ಹೋದ್ರ ಹೊತ್ತು ಮುಳುಗ್ತದ," ಎಂದ ವಲಿ ಪಾಷಾ.

"ಮುಳುಗ್ಲಿ. ಮಂದಿ ಬೆಳಿಯಾಗ ಕುರಿ ಹೊಡಿ ಅಂತೀಯೇನು? ನಿಮ್ಮಪ್ಪ ಹೊಲಾ ಮಾಡಿಲ್ಲೇನು?"

"ಸೋಲ್ತೀವಲ್ಲಬೇ."

"ಸೋತ್ರ ಸೋತೀವಿ. ಬೈಸಿಕೊಂಡು ಗೆಲ್ಲೂದು ಬ್ಯಾಡ."

ಒಡ್ಡು ಬಳಸಿ ಬಳಸಿ ಹೋಗುತ್ತಿತ್ತು. ಪರದೆಯ ಸೂರ್ಯ ಕೆಂಪಾದ. ಮಾನ್ವಿ ಇನ್ನೂ ದೂರವಿತ್ತು. ಸಿದ್ರಾಮನ ಆಟ ನನ್ನ ಕೈಯಲ್ಲೇ ಸೋಲುತ್ತದೆ ಅನ್ನಿಸಿತು. ನಾನು ಹೆಜ್ಜೆ ಜೋರು ಮಾಡಿದೆ.

"ಓಡಬ್ಯಾಡ ಚಂದ್ರವ್ವ, ಮರಿ ಹಿಂದ ಉಳಿತಾವ," ಎಂದರು ಅತ್ತೆ.

ನೆಲ್ಲು ಮುಗಿದು, ಹತ್ತಿ ಕಿತ್ತ ಖಾಲಿ ಹೊಲವೊಂದು ಬಂತು. ಅದರ ಬದುವಿಗೆ ಕಾಲಿಟ್ಟಾಗ ಪರದೆಯಲ್ಲಿ ರುಮಾಲು ಸುತ್ತಿದ ರೈತನೊಬ್ಬ ಬಂದು ನಿಂತ. ವಲಿ ಪಾಷಾ, "ಇವನ್ಯಾರು?" ಎಂದ. ರೈತ ಮಾತಾಡಿದ. ಸಿದ್ರಾಮನ ದನಿ.

"ಬೆಳಿ ಉಳಿಸಿ ಸುತ್ತಿ ಬಂದ್ರಿ. ಹೊತ್ತಾಗ್ಯಾದ, ಮಾನ್ವಿ ನಾಳಿಗಿರ್ಲಿ. ಇವತ್ತು ನಮ್ಮ ಹೊಲದಾಗ ಕುರಿ ನಿಲ್ಲಿಸ್ರಿ."

ನಮ್ಮ ಕಡೆ ಖಾಲಿ ಹೊಲದವರು ಹೀಗೆಯೇ ಕರೆಯುತ್ತಾರೆ. ರಾತ್ರಿ ಹಿಂಡು ನಿಂತರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಕಾಳು. ಬೆಳೆ ತುಳಿಸಿದವನನ್ನು ಯಾರೂ ಕರೆಯುವುದಿಲ್ಲ. ಕುರಿಗಳು ಒಂದೊಂದಾಗಿ ಹೊಲಕ್ಕೆ ಇಳಿದು ಕುಳಿತವು. ಸೂರ್ಯ ಮುಳುಗಿದ. ಹಿಂಡು ಚದುರಲಿಲ್ಲ. 'ಗೆದ್ದಿರಿ' ಎಂದು ಬಂತು.

ಅತ್ತೆ ಬದುವಿನ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. "ಕರೀಬೇಕಲ್ಲ ಮತ್ತ," ಎಂದರು, ಅದರಲ್ಲೇನೂ ವಿಶೇಷವಿಲ್ಲ ಎಂಬಂತೆ.

ವಲಿ ಪಾಷಾ ಹೈದರಾಬಾದಿಗೆ ಫೋನು ಹಚ್ಚಿದ. "ಸಾರ್, ಕೊನೀ ಹಂತ ಗೆದ್ದಾರ... ಇಲ್ಲ ಸಾರ್, ನಮ್ಮ ಹುಡುಗರಲ್ಲ. ಸಿದ್ರಾಮ ಸಾರ್ ತಾಯಿ." ಸ್ವಲ್ಪ ಹೊತ್ತು ಕೇಳಿಸಿಕೊಂಡ. ನನ್ನ ಕಡೆ ತಿರುಗಿ, "ಬಂದ್ ಮಾಡೂದು ಮಾಡ್ತಾರಂತ ಮೇಡಂ," ಎಂದ.

"ಮಾಡಲಿ," ಎಂದು ಯಂತ್ರವನ್ನು ಅವನಿಗೆ ಕೊಟ್ಟೆ.

"ಫೋನ್ ಇಡಬ್ಯಾಡ," ಎಂದರು ಅತ್ತೆ. "ಸಿದ್ರಾಮ ಮಾಡಿದ ಆಟ ಗೆಲ್ಲಾಕ ಬರ್ತದ ಅಂತ ಹೇಳು ಅವಗ."

ವಲಿ ಪಾಷಾ ನೆಟ್ಟಗೆ ನಿಂತು ಹೇಳಿದ.

"ಇನ್ನೊಮ್ಮೆ ಹೇಳು," ಎಂದೆ ನಾನು.